‘ನಾಲ್ಕು ಜ್ವರ’ ಆಟವನ್ನು ಮಾರಿದ ಬಗೆ

ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರವೊಂದನ್ನು ಮಾರಿದರೆ ನನಗೆ ಉಳಿಯುತ್ತಿದ್ದದ್ದು ಎರಡು ಮಸಾಲೆ ದೋಸೆಯ ದುಡ್ಡು. ಅದರ ಅಡಾಪ್ಟರು ಹನೂರಿನ ಕಡೆಯ ಕರೆಂಟಿಗೆ ಸುಟ್ಟುಕೊಂಡು ವಾಪಸ್ಸು ಬಂದರೆ ಆ ದೋಸೆಯೂ ಇಲ್ಲ. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ನನ್ನ ಅಂಗಡಿಗೆ ಬಾಡಿಗೆ ಹುಟ್ಟುತ್ತಿದ್ದದ್ದು ಗೇಮಿನ ಕ್ಯಾಸೆಟ್ಟುಗಳಿಂದ. ಯಂತ್ರದಲ್ಲಿ ನೂರಕ್ಕೆ ಐದು ಉಳಿದರೆ ಕ್ಯಾಸೆಟ್ಟಿನಲ್ಲಿ ಮೂವತ್ತು ಉಳಿಯುತ್ತಿತ್ತು. ಈ ಲೆಕ್ಕ ಗೊತ್ತಿದ್ದರಿಂದಲೇ ನಾನು ಆಟದ ಪ್ರಕಾಶಕನೂ ಆಗಬಲ್ಲೆ ಅಂದುಕೊಂಡೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅಂಗಡಿಗೆ ಕಂಪ್ಯೂಟರ್ ಸಿಡಿಗಳೂ ಬಂದವು. ಖಾಲಿ ಸಿಡಿ ಕೊಳ್ಳಲು ಯಳಂದೂರಿನ ತಾಲ್ಲೂಕು ಕಚೇರಿಯಿಂದ ಒಬ್ಬಾಕೆ ಆಗಾಗ ಬರುತ್ತಿದ್ದರು. ಅಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅವರದು. ಕಚೇರಿಯವರೆಲ್ಲ ಆಪರೇಟರ್ ಮೇಡಂ ಎಂದೇ ಕರೆಯುತ್ತಿದ್ದರು. ಧನಗೆರೆಯವರು, ಅಪ್ಪನಿಗೆ ಒಂದಿಷ್ಟು ಹಿಪ್ಪುನೇರಳೆ ತೋಟ, ಮನೆಯಲ್ಲಿ ರೇಷ್ಮೆ ಸಾಕಾಣಿಕೆ. ಒಂದು ದಿನ ಬ್ಯಾಗಿನಿಂದ ಒಂದು ಸಿಡಿ ತೆಗೆದು ಕೌಂಟರಿನ ಮೇಲಿಟ್ಟು, “ಸಾ, ನಾನೊಂದು ಆಟ ಬರ್ದಿದೀನಿ. ನಗ್ಬಾರ್ದು. ಒಂದ್ಸಲ ಆಡ್ನೋಡಿ” ಅಂದರು.

ನಕ್ಕೆ ನಿಜ, ಆದರೆ ಖುಷಿಗೆ. ಪರದೆಯ ಮೇಲೆ ಒಂದು ಹುಳುಮನೆ. ಬಿದಿರಿನ ತಟ್ಟೆಗಳಲ್ಲಿ ಎಳೆಹುಳು. ಆಟಗಾರ ಸೊಪ್ಪು ಕೊಯ್ದು ಹಾಕಬೇಕು, ಬಿಸಿಲೇರಿದರೆ ಒದ್ದೆ ಗೋಣಿ ಕಟ್ಟಬೇಕು, ಮಳೆ ಹಿಡಿದರೆ ಬಿಚ್ಚಬೇಕು, ಊಜಿ ನೊಣ ಬಂದರೆ ಪರದೆ ಎಳೆಯಬೇಕು. ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಒಂದೊಂದು ಜ್ವರವೂ ಆಟದ ಒಂದೊಂದು ಹಂತ. ನಾಲ್ಕನ್ನೂ ದಾಟಿಸಿ, ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಯ ತಟ್ಟಿಗೆ ಬಿಟ್ಟು, ಗೂಡನ್ನು ಮಾರುಕಟ್ಟೆಯ ಹರಾಜಿಗೆ ತಂದರೆ ಗೆದ್ದಂತೆ. ಆಟದ ಹೆಸರು ‘ನಾಲ್ಕು ಜ್ವರ’. ನಾನು ಎರಡನೇ ಜ್ವರದಲ್ಲೇ ಎಲ್ಲ ಹುಳುಗಳನ್ನೂ ಕೊಂದು ಕೂತೆ. ಹಿಂದೆ ನಿಂತಿದ್ದ ಗಿರಾಕಿ, “ಏನ್ರೀ, ನಮಗೆ ಕ್ಯಾಸೆಟ್ ಕೊಡ್ತೀರಾ ಇಲ್ವಾ?” ಎಂದು ಕೇಳಿದಾಗಲೇ ನಾನು ಅಂಗಡಿಯಲ್ಲಿದ್ದೇನೆ ಅನ್ನುವುದು ನೆನಪಾದದ್ದು.

ಆ ವಾರವೇ ಮಾತಾಡಿದೆವು. ಆಟ ಅವರದು, ಹಣ ಹಾಕಿ ಹೊರತರುವುದು ನನ್ನದು. ಮಾರಾಟವಾದ ಪ್ರತಿ ಸಿಡಿಯ ಬೆಲೆಯಲ್ಲಿ ಹತ್ತನೇ ಒಂದು ಪಾಲು ಅವರಿಗೆ.

ಸಿದ್ಧತೆಯೇ ಒಂದು ಮಳೆಗಾಲ ಹಿಡಿಯಿತು. ಅವರ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತಿದ್ದ ಕನ್ನಡ ಅಕ್ಷರ ಬೇರೆ ಕಂಪ್ಯೂಟರಿನಲ್ಲಿ ಸೊಟ್ಟ ಗೆರೆಗಳ ರಾಶಿಯಾಗುತ್ತಿತ್ತು. ಆ ಫಾಂಟು ಅಲ್ಲಿ ಇರುತ್ತಿರಲಿಲ್ಲ. ಕೊಳ್ಳುವವರಿಗೆಲ್ಲ ಫಾಂಟು ಹಾಕಿಕೊಳ್ಳಿ ಎಂದು ಹೇಳುವುದು ಆಗದ ಮಾತು. ಕೊನೆಗೆ ಆಟದಲ್ಲಿ ಬರುವ ಪ್ರತಿಯೊಂದು ಮಾತನ್ನೂ ಅವರು ಚಿತ್ರವಾಗಿ ಬರೆದರು, ‘ಸೊಪ್ಪು ಸಾಲದು’ ಅನ್ನುವುದೂ ಒಂದು ಚಿತ್ರ, ‘ಸುಣ್ಣಕಟ್ಟು ರೋಗ’ ಅನ್ನುವುದೂ ಒಂದು ಚಿತ್ರ. ಚಿತ್ರಗಳು ಹೆಚ್ಚಾದಂತೆ ಆಟ ಭಾರವಾಯಿತು. ಹಳೆಯ ಕಂಪ್ಯೂಟರುಗಳಲ್ಲಿ ಮೂರನೇ ಜ್ವರದ ಹೊತ್ತಿಗೆ ಯಂತ್ರಕ್ಕೇ ಜ್ವರ ಬಂದಂತೆ ಎಲ್ಲ ನಿಂತುಬಿಡುತ್ತಿತ್ತು. ಬಣ್ಣಗಳನ್ನು ಕಡಿಮೆ ಮಾಡಿ, ಹುಳುಗಳ ಚಲನೆಯ ಚಿತ್ರಗಳನ್ನು ಅರ್ಧಕ್ಕೆ ಇಳಿಸಿ, ಭಾನುವಾರ ಭಾನುವಾರ ನನ್ನ ಅಂಗಡಿಗೆ ಬಂದು ಅಲ್ಲಿದ್ದ ಅತಿ ಬಡ ಕಂಪ್ಯೂಟರಿನಲ್ಲಿ ಆಡಿಸಿ ನೋಡುತ್ತಿದ್ದರು. “ಇದುರ್ ಮೇಲೆ ಓಡುದ್ರೆ ಎಲ್ಲುದ್ರ ಮೇಲೂ ಓಡುತ್ತೆ ಸಾ” ಅನ್ನುತ್ತಿದ್ದರು.

ಸಿಡಿಯ ಹೊದಿಕೆಯ ಕಾಗದವನ್ನು ಕೊಳ್ಳೇಗಾಲದಲ್ಲೇ ಲಗ್ನಪತ್ರಿಕೆ ಅಚ್ಚು ಮಾಡುವ ಪ್ರೆಸ್ಸಿಗೆ ಕೊಟ್ಟೆ. ಮೊದಲ ಪ್ರತಿ ಬಂದಾಗ ಮೇಲೆ ಗಣಪತಿಯೂ, ನಾಲ್ಕು ಮೂಲೆಗೆ ಅರಿಶಿನದ ಬಣ್ಣವೂ ಇತ್ತು. ಪ್ರೆಸ್ಸಿನ ಯಜಮಾನರು ನೋಡಿ ಹಣೆ ಚಚ್ಚಿಕೊಂಡರು. “ಕೈ ತಾನಾಗೇ ಮಾಡ್ಬುಡ್ತು ಕಣ್ರಿ, ಇನ್ನೇನ್ ಬರುತ್ತೆ ಅದುಕ್ಕೆ” ಎಂದು ಇಡೀ ಕೆಲಸವನ್ನು ಮತ್ತೆ ಮಾಡಿಕೊಟ್ಟರು. ಕಾಗದದ ದುಡ್ಡನ್ನೂ ಎರಡನೇ ಸಲ ತೆಗೆದುಕೊಳ್ಳಲಿಲ್ಲ.

ಸಿಡಿಗಳನ್ನು ಒಂದೊಂದಾಗಿ ಅಂಗಡಿಯಲ್ಲೇ ಬರೆಯಲು ನೋಡಿದೆ. ಒಂದು ಸಿಡಿ ಬರೆಯುವಷ್ಟರಲ್ಲಿ ಕರೆಂಟು ಹೋದರೆ ಆ ಸಿಡಿ ಕಸಕ್ಕೆ. ಹಾಳಾದ ಸಿಡಿಗಳನ್ನು ನನ್ನ ಹೆಂಡತಿ ಹಕ್ಕಿ ಓಡಿಸಲು ಹಿತ್ತಲಿನ ಸೀಬೆಮರಕ್ಕೆ ನೇತುಹಾಕಿದಳು, ಮರ ತುಂಬಿತು. ಬೆಂಗಳೂರಿನ ಕಾರ್ಖಾನೆಯಲ್ಲಿ ಅಚ್ಚು ಹಾಕಿಸಿದರೆ ಅಗ್ಗ, ಆದರೆ ಸಾವಿರಕ್ಕೆ ಕಡಿಮೆ ಮಾಡುವುದಿಲ್ಲ ಅಂದರು. ಅಂಗಡಿಯಲ್ಲಿ ಹುಡುಗರಿಗೆ ಗಂಟೆಗಿಷ್ಟು ಎಂದು ಗೇಮ್ ಆಡಿಸುತ್ತಿದ್ದ ಟಿವಿಗಳಲ್ಲಿ ಮೂರನ್ನೂ, ಅವುಗಳ ಗೇಮ್ ಯಂತ್ರಗಳನ್ನೂ ಮಾರಿ ಸಾವಿರ ಸಿಡಿ ಮಾಡಿಸಿದೆ.

ಈಗ ಲೆಕ್ಕ. ಸಿಡಿಯ ಬೆಲೆ ನೂರೈವತ್ತು ರೂಪಾಯಿ. ಬೆಂಗಳೂರಿನ ವಿತರಕರು ಅದರಲ್ಲಿ ನೂರಕ್ಕೆ ಅರವತ್ತು ಕೇಳಿದರು. ಅರ್ಧ ಅವರಿಗೆ, ಅರ್ಧ ಅಂಗಡಿಯವರಿಗೆ. ನನ್ನ ಕೈಗೆ ಬರುವುದು ಅರವತ್ತು ರೂಪಾಯಿ. ಅದರಲ್ಲಿ ಸಿಡಿ, ಡಬ್ಬಿ, ಕಾಗದ ಎಲ್ಲ ಸೇರಿ ಮೂವತ್ತೈದು. ಆಟ ಬರೆದವರಿಗೆ ಹದಿನೈದು. ನನಗೆ ಹತ್ತು. ಮಾರಾಟವಾಗದೆ ಒಂದು ಸಿಡಿ ವಾಪಸ್ಸು ಬಂದರೆ ಮಾತ್ರ ಮೂವತ್ತೈದೂ ನನ್ನ ತಲೆಗೆ. ಅಂದರೆ ಒಂದು ವಾಪಸ್ಸು, ಮೂರು ಮಾರಾಟದ ಲಾಭವನ್ನು ತಿಂದು ಇನ್ನೂ ಹಸಿದಿರುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ವಾಪಸ್ಸು ಬರುತ್ತದೆ ಎಂದು ಯಾರು ಅಂದುಕೊಳ್ಳುತ್ತಾರೆ?

ಆರು ನೂರು ಸಿಡಿ ಬೆಂಗಳೂರಿಗೆ ಹೋದವು. ತಿಂಗಳುಗಟ್ಟಲೆ ಸುದ್ದಿಯಿಲ್ಲ. ಫೋನು ಮಾಡಿದರೆ “ಹೋಗ್ತಾ ಇದೆ ಸರ್” ಅನ್ನುವರು. ಎಲ್ಲಿಗೆ ಹೋಗುತ್ತಿದೆ ಎಂದು ನೋಡಲು ಬಸ್ ಹತ್ತಿದೆ. ಅವರ ಗೋದಾಮಿನಲ್ಲಿ ಪ್ರಿಂಟರ್ ಡಬ್ಬಗಳ ಹಿಂದೆ ನಮ್ಮ ಪೆಟ್ಟಿಗೆಗಳು ಕಟ್ಟಿದ ಹುರಿಯನ್ನೂ ಬಿಚ್ಚದೆ ಕೂತಿದ್ದವು.

ವಿತರಕರು ಕೆಟ್ಟವರಲ್ಲ. ಕೂರಿಸಿ ಕಾಫಿ ಕೊಟ್ಟು ಬಿಡಿಸಿ ಹೇಳಿದರು. “ನೋಡಿ ಸರ್, ಅಂಗಡಿಯವನಿಗೆ ಕಪಾಟಿನಲ್ಲಿ ಒಂದು ಗೇಣು ಜಾಗ ಇದೆ. ಅಲ್ಲಿ ಒಂಬೈನೂರು ರೂಪಾಯಿಯ ಇಂಗ್ಲಿಷ್ ಆಟ ಇಟ್ಟರೆ ಅವನಿಗೆ ಇನ್ನೂರೆಪ್ಪತ್ತು ಸಿಗುತ್ತೆ. ನಿಮ್ಮದನ್ನ ಇಟ್ಟರೆ ನಲವತ್ತೈದು. ಪರ್ಸೆಂಟ್ ಎರಡರಲ್ಲೂ ಒಂದೇ. ಆದರೆ ಅವನು ಬಾಡಿಗೆ ಕಟ್ಟೋದು ಪರ್ಸೆಂಟಿನಲ್ಲಿ ಅಲ್ಲವಲ್ಲ?”

ಅದು ನನ್ನದೇ ಅಂಗಡಿಯ ಲೆಕ್ಕ. ನಾನೂ ಹಾಗೆಯೇ ಅಲ್ಲವೇ ಕಪಾಟು ಜೋಡಿಸುತ್ತಿದ್ದದ್ದು!

“ಹೆಸರು ಬೇರೆ ‘ನಾಲ್ಕು ಜ್ವರ’. ಮಕ್ಕಳ ಡಾಕ್ಟರ ಸಿಡಿ ಅಂದ್ಕೊಳ್ತಾರೆ. ಒಂದು ಕೆಲಸ ಮಾಡಿ. ಆ ಹುಡುಗಿಗೆ ಒಂದು ಮೊತ್ತ ಕೊಟ್ಟು ಆಟ ಪೂರ್ತಿ ಬರೆಸಿಕೊಂಡುಬಿಡಿ. ಆ ಹದಿನೈದು ರೂಪಾಯಿ ಉಳಿಯುತ್ತೆ. ಅದನ್ನ ಅಂಗಡಿಯವರಿಗೆ ಜಾಸ್ತಿ ಕೊಡೋಣ. ಕೇಳೋಕೆ ಅವಳೇನು ಬೆಂಗಳೂರಿಗೆ ಬರ್ತಾಳಾ?”

ಸಿಡಿ ಮಾಡುವವನ ದುಡ್ಡು ಕಡಿಮೆಯಾಗದು, ಡಬ್ಬಿಯವನದು ಆಗದು, ಅಂಗಡಿಯವನದು ಆಗದು. ಸದ್ದಿಲ್ಲದೆ ಕತ್ತರಿಸಬಹುದಾದ ಪಾಲು ಇಡೀ ಲೆಕ್ಕದಲ್ಲಿ ಅದೊಂದೇ. ವಾಪಸ್ಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಿಟ್ಟು ಇದನ್ನೇ ಯೋಚಿಸಿದೆ. ಅಂಗಡಿಯ ಕರಾರು ಮುಗಿಯಲು ಬಂದಿತ್ತು, ಮುಂಗಡ ಹೆಚ್ಚು ಮಾಡಬೇಕೆಂದು ಮಾಲೀಕರು ಹೇಳಿದ್ದರು. ಮಾರಿದ ಮೂರು ಟಿವಿಗಳ ಜಾಗ ಖಾಲಿ ಬಿದ್ದಿತ್ತು.

ಕೊಳ್ಳೇಗಾಲದಲ್ಲಿ ಇಳಿದವನು ಮರುದಿನವೇ ಯಳಂದೂರಿಗೆ ಹೋಗಿ, ತಾಲ್ಲೂಕು ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ಆಪರೇಟರ್ ಮೇಡಮ್ಮಿಗೆ ಎಲ್ಲವನ್ನೂ ಹೇಳಿದೆ. ನನ್ನ ಹತ್ತು ರೂಪಾಯಿ, ಅವರ ಹದಿನೈದು, ವಿತರಕರ ಸಲಹೆ ಯಾವುದನ್ನೂ ಬಿಡಲಿಲ್ಲ. ಅವರು ಟೀ ಆರುವವರೆಗೂ ಕೇಳಿದರು.

“ಸಾ, ಹದಿನೈದು ಬೇಡ ಅಂದ್ರೆ ಬಿಡಿ. ಈಗ ಕೊಡಕ್ಕಾಗಲ್ಲ, ಆಮೇಲ್ ಕೊಡ್ತೀನಿ ಅನ್ನಿ, ಅದೂ ಒಪ್ತೀನಿ. ಆದ್ರೆ ಪೂರ್ತಿ ಬರ್ಕೊಡಲ್ಲ.”

“ಯಾಕೆ?”

“ನಮ್ಮಪ್ಪ ಒಂದ್ಸಲ ಉಳ ಇನ್ನೂ ಸೊಪ್ಪು ತಿಂತಿರುವಾಗ್ಲೇ ಒಬ್ರಿಗೆ ಬೆಳೆ ಒಪ್ಪುಸ್ಬುಟ್ಟಿದ್ರು, ಇಷ್ಟು ಅಂತ. ಗೂಡು ಕಟ್ಟೋ ಒತ್ಗೆ ರೇಟು ಎರಡ್ರಷ್ಟಾಗಿತ್ತು. ದುಡ್ಡು ಓಯ್ತು ಅಂತ ಅಪ್ಪುಂಗೆ ಬೇಜಾರಾಗ್ಲಿಲ್ಲ ಸಾ. ನಾನ್ ಸಾಕಿದ್ ಗೂಡ್ನ ನಾನೇ ಮಾರ್ಕೆಟ್ಗೆ ತಕಂಡು ಓಗ್ಲಿಲ್ಲವಲ್ಲ ಅಂತ ವರ್ಸೆಲ್ಲ ಅಂದ್ಕಂಡ್ರು.”

ವಿತರಕರ ಸಲಹೆಯನ್ನು ಅಲ್ಲಿಗೇ ಬಿಟ್ಟೆ. ಟೀ ದುಡ್ಡು ಅವರೇ ಕೊಟ್ಟರು. ಬಸ್ಸಿಗೆ ಹತ್ತಿಸಲು ಬಂದವರು, “ನೀವ್ ಬಂದು ಏಳುದ್ರಲ್ಲ ಸಾ, ಅಷ್ಟೇ ಸಾಕು” ಅಂದರು.

ಬೆಂಗಳೂರಿನಿಂದ ಪೆಟ್ಟಿಗೆಗಳು ವಾಪಸ್ಸು ಬರತೊಡಗಿದವು. ಸಾಗಣೆ ಖರ್ಚು ನನ್ನದೇ. ಡಬ್ಬಿಗಳ ಕೀಲು ಮುರಿದಿದ್ದವು, ಕೆಲವುಗಳ ಮೇಲೆ ಯಾರೋ ಕೂತಂತಿತ್ತು. ಅವುಗಳಲ್ಲಿ ಸರಿಯಿದ್ದದ್ದನ್ನು ಆರಿಸುತ್ತ ಕುಳಿತಿದ್ದಾಗ ಹನೂರಿನಿಂದ ಫೋನು ಬಂತು.

ಮಾತಾಡಿದವರು ಅಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ಟೀಚರು. ಟೈಪ್ ಕಲಿಯುವವರು ಕಡಿಮೆಯಾದ ಮೇಲೆ ನಾಲ್ಕು ಹಳೆಯ ಕಂಪ್ಯೂಟರು ಹಾಕಿಕೊಂಡಿದ್ದರು. ಮನೆಮಾತು ತಮಿಳು. ಹಿಂದಿನ ತಿಂಗಳು ನನ್ನಲ್ಲಿ ಒಂದು ‘ನಾಲ್ಕು ಜ್ವರ’ ಕೊಂಡಿದ್ದರು.

“ಒಂದು ಕೇಳ್ಬೇಕಿತ್ತು ಸಾರ್. ನಿಮ್ಮ ಆಟ ಆಡೋಕೆ ಜನ ಬರ್ತಿದ್ದಾರೆ. ಗಂಟೆಗೆ ಹತ್ತು ರೂಪಾಯಿ ತಗೋತಿದೀನಿ. ಅದರಲ್ಲಿ ನಿಮಗೆ ಎಷ್ಟು ಕಳಿಸ್ಬೇಕು?”

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸಿಡಿಯನ್ನು ಕೊಂಡವರು ಏನಾದರೂ ಮಾಡಿಕೊಳ್ಳಬಹುದಾಗಿದ್ದ ಕಾಲ ಅದು. ಒಂದು ಕೊಂಡು ಹತ್ತು ಬರೆದು ಹಂಚುತ್ತಿದ್ದರು, ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

“ಏನೂ ಕಳಿಸಬೇಡಿ ಮೇಡಂ, ನೀವು ಕೊಂಡಿದ್ದೀರಲ್ಲ.”

“ಅದು ಹೇಗಾಗುತ್ತೆ ಸಾರ್? ಇನ್ನೊಬ್ಬರ ಎತ್ತು ಕಟ್ಟಿ ಬಾಡಿಗೆ ಹೊಡೆದ ಹಾಗಾಗಲ್ವಾ? ನೀವು ಒಂದು ಸಲ ಬಂದು ನೋಡಿ.”

ಹೋದೆ. ಟೈಪಿಂಗ್ ಶಾಲೆಯ ಮೆಟ್ಟಿಲ ಮೇಲೆಲ್ಲ ಚಪ್ಪಲಿ. ನಾನು ಕಾಲೇಜಿನವರನ್ನು ನಿರೀಕ್ಷಿಸಿದ್ದೆ. ಒಳಗೆ ಪಂಚೆ ಎತ್ತಿ ಕಟ್ಟಿದ ನಡುವಯಸ್ಸಿನ ಗಂಡಸರು, ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸರು. ಶಾಗ್ಯದಿಂದ ಗೊಬ್ಬರ ಕೊಳ್ಳಲು ಬಂದಿದ್ದ ರೈತನೊಬ್ಬ ಮೌಸನ್ನು ಹಿಡಿದ ರೀತಿ ನೋಡಿದರೆ ಅದು ಓಡಿಹೋಗುತ್ತದೇನೋ ಅನ್ನಿಸುತ್ತಿತ್ತು. ಅವನ ಹೆಗಲ ಮೇಲಿಂದ ಬಗ್ಗಿದ್ದ ಹೆಂಡತಿ ಅಪ್ಪಣೆ ಕೊಡುತ್ತಿದ್ದಳು.

“ಗೋಣಿ ಬಿಚ್ಚು, ಗೋಣಿ ಬಿಚ್ಚು. ಮಳೆ ಬಂತು.”

“ತಡಿಯೆ, ಬಾಣ ಎಲ್ಲೋಯ್ತು ಅಂತ ಉಡುಕ್ತಾವ್ನಿ.”

“ಅಲ್ಲೈತಲ್ಲ, ಕಣ್ಣಿಲ್ವಾ? ಓಯ್ತು! ಸುಣ್ಣಕಟ್ಟು ಬಂತು!”

ಹುಳುಗಳೆಲ್ಲ ಬೆಳ್ಳಗಾಗಿ ನಿಂತವು. ಸುತ್ತ ನಿಂತವರು ಹೋ ಎಂದು ನಕ್ಕರು. ರೈತನೂ ನಕ್ಕ. ಟೀಚರು ತೋರಿಸಿದ ಕೀಲಿಯನ್ನು ಒತ್ತಿದ, ಹೊಸ ತಟ್ಟೆಯಲ್ಲಿ ಹೊಸ ಹುಳು ಬಂದವು.

“ಬೇಜಾರಾಗಲಿಲ್ವಾ?” ಎಂದು ಕೇಳಿದೆ.

“ಬೇಜಾರ್ ಯಾಕ್ ಸಾ? ಮನೇಲಿ ಉಳ ಸತ್ರೆ ಊಟ ಸೇರಲ್ಲ. ಇಲ್ಲಿ ಒತ್ತುದ್ರೆ ಎದ್ದು ಬತ್ತವೆ. ಇಂಗೆ ನಗ್ತಾ ನಗ್ತಾ ಉಳ ಕಳ್ಕಳದು ಎಲ್ಲಾರ ಉಂಟಾ!” ಅಂದ. ಹೆಂಡತಿ ಅವನ ತಲೆಗೆ ಮೊಟಕಿ ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು.

ಬೆಂಗಳೂರಿನ ಯಾವ ಕಪಾಟಿನಲ್ಲಿ ಇಟ್ಟರೂ ಈ ಜನ ಈ ಆಟಕ್ಕೆ ಸಿಗುತ್ತಿರಲಿಲ್ಲ. ಇವರ ಮನೆಗಳಲ್ಲಿ ಕಂಪ್ಯೂಟರು ಇಲ್ಲ, ನೂರೈವತ್ತು ರೂಪಾಯಿಯ ಸಿಡಿಯನ್ನು ಇವರು ಯಾವತ್ತೂ ಕೊಳ್ಳುವವರಲ್ಲ. ಆದರೆ ಬಸ್ಸಿಗೆ ಕಾಯುವ ಒಂದು ಗಂಟೆಗೆ ಹತ್ತು ರೂಪಾಯಿ ಕೊಡುತ್ತಾರೆ, ಜೊತೆಗೆ ಪಕ್ಕದ ಮನೆಯವರನ್ನೂ ಕರೆತರುತ್ತಾರೆ. ಟಿವಿ ಗೇಮುಗಳನ್ನು ಗಂಟೆಗಿಷ್ಟು ಎಂದು ಆಡಿಸುತ್ತ ವರ್ಷಗಟ್ಟಲೆ ಅಂಗಡಿ ನಡೆಸಿದವನು ನಾನು. ಪ್ರಕಾಶಕನಾದ ಮೇಲೆ ಅದನ್ನೇ ಮರೆತುಬಿಟ್ಟಿದ್ದೆ.

ಮೆಟ್ಟಿಲ ಮೇಲೆಯೇ ಟೀಚರ ಜೊತೆ ಮಾತಾಡಿ ಮುಗಿಸಿದೆ. ಹತ್ತು ರೂಪಾಯಿಯಲ್ಲಿ ಏಳು ಆಡಿಸುವ ಕೇಂದ್ರಕ್ಕೆ. ಕರೆಂಟು, ಯಂತ್ರ, ಜಾಗ ಅವರದು. ಉಳಿದ ಮೂರರಲ್ಲಿ ಅರ್ಧ ಆಟ ಬರೆದವರಿಗೆ, ಅರ್ಧ ನನಗೆ. ಸಿಡಿ ಪುಕ್ಕಟೆ. “ಪರವಾಯಿಲ್ಲೆ, ಇದು ನ್ಯಾಯ” ಅಂದರು ಟೀಚರು. ಬೆಂಗಳೂರಿಗೆ ಫೋನು ಮಾಡಿ ಉಳಿದ ಪೆಟ್ಟಿಗೆಗಳನ್ನೂ ಕಳಿಸಿಬಿಡಿ ಅಂದೆ. ವಿತರಕರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಪಾಪ, ಅವರ ಗೋದಾಮಿನ ಜಾಗವೂ ಖಾಲಿಯಾಗಬೇಕಿತ್ತಲ್ಲ.

ಒಂದು ತೊಡಕು ಉಳಿದಿತ್ತು. ಒಂದು ಕೇಂದ್ರಕ್ಕೆ ಕೊಟ್ಟ ಸಿಡಿಯನ್ನು ಪಕ್ಕದ ಕೇಂದ್ರದವರು ನಕಲು ಮಾಡಿಕೊಂಡರೆ? ಗಂಟೆಗಳನ್ನು ಎಣಿಸುವವರು ಯಾರು? ಅದನ್ನು ಬಿಡಿಸಿದ್ದು ಆಪರೇಟರ್ ಮೇಡಮ್ಮೇ. ಆಟಕ್ಕೆ ಒಂದು ತಿದ್ದುಪಡಿ ಬರೆದು, ಒಂದೊಂದು ಕೇಂದ್ರಕ್ಕೂ ಕಂಪ್ಯೂಟರಿಗೊಂದರಂತೆ ಫ್ಲಾಪಿ ಮಾಡಿದರು, ತಿದ್ದಿದ ಆಟವನ್ನು ನಾನೇ ಹೋಗಿ ಹಾಕಿ ಸಿಡಿಯನ್ನು ವಾಪಸ್ಸು ತರುತ್ತಿದ್ದೆ. ಫ್ಲಾಪಿ ಹಾಕದಿದ್ದರೆ ಆಟ ಏಳುವುದಿಲ್ಲ, ಹಾಕಿದರೆ ಮೊದಲ ಪರದೆಯಲ್ಲಿ ಹುಳುಮನೆಯ ಬಾಗಿಲ ಮೇಲೆ ಆ ಕೇಂದ್ರದ ಹೆಸರು ದೊಡ್ಡದಾಗಿ ಬರುತ್ತದೆ. ಆಡಿದ ಹೊತ್ತೂ ಆ ಫ್ಲಾಪಿಯಲ್ಲೇ ಬರೆದುಕೊಳ್ಳುತ್ತದೆ. ತಮ್ಮ ಹೆಸರು ನೋಡಿದ ಕೇಂದ್ರದವರು ಫ್ಲಾಪಿಯನ್ನು ದೇವರ ಪಟದ ಹಿಂದೆ ಬಚ್ಚಿಡತೊಡಗಿದರು. ಪಕ್ಕದವರು ಹೇಗೋ ನಕಲು ಮಾಡಿದರೂ ತಮ್ಮ ಅಂಗಡಿಯಲ್ಲಿ ಎದುರಾಳಿಯ ಹೆಸರು ತೋರಿಸಲು ಯಾರು ಒಪ್ಪುತ್ತಾರೆ? ನನ್ನ ಹತ್ತಿರವೇ ಬಂದು ಬೇರೆ ಫ್ಲಾಪಿ ಕೇಳಿದರು.

ಆಮೇಲಿನ ಎರಡು ವರ್ಷ ನನ್ನ ಕೆಲಸ ಬಸ್ಸಿನಲ್ಲಿ. ಕೊಳ್ಳೇಗಾಲ, ಹನೂರು, ಯಳಂದೂರು, ಆಮೇಲೆ ಚಾಮರಾಜನಗರ, ಮಳವಳ್ಳಿ, ರೇಷ್ಮೆ ಬೆಳೆಯುವ ಊರುಗಳಲ್ಲಿ ನಾಲ್ಕು ಕಂಪ್ಯೂಟರು ಇಟ್ಟುಕೊಂಡವರು ಎಲ್ಲೆಲ್ಲಿದ್ದರೋ ಅಲ್ಲೆಲ್ಲ. ತಿಂಗಳಿಗೊಮ್ಮೆ ಹಳೆಯ ಫ್ಲಾಪಿ ತೆಗೆದುಕೊಂಡು ಹೊಸದು ಕೊಡುವುದು. ಧೂಳಿಗೆ, ಬಿಸಿಲಿಗೆ ಎಷ್ಟೋ ಫ್ಲಾಪಿ ಕೆಡುತ್ತಿದ್ದವು. ಕೆಟ್ಟಾಗ ಕೇಂದ್ರದವರು ಹೇಳಿದ ಗಂಟೆಯನ್ನೇ ನಂಬುತ್ತಿದ್ದೆ. ಹನೂರಿನ ಟೀಚರು ಮಾತ್ರ ಕೆಟ್ಟ ತಿಂಗಳಲ್ಲಿ ಒಳ್ಳೆಯ ತಿಂಗಳಿಗಿಂತ ಹೆಚ್ಚೇ ಕೊಡುತ್ತಿದ್ದರು. ಕೇಳಿದರೆ, “ನೆನಪಿಲ್ಲ ಸಾರ್, ಕಡಿಮೆ ಆಗೋದಕ್ಕಿಂತ ಜಾಸ್ತಿ ಆಗ್ಲಿ ಬಿಡಿ” ಅನ್ನುತ್ತಿದ್ದರು. ಆ ವ್ಯಾಪಾರದಲ್ಲಿ ನಾನು ಶ್ರೀಮಂತನಾಗಲಿಲ್ಲ. ಅಂಗಡಿಯ ಕರಾರು ಮುಂದುವರಿಯಿತು, ಮಾರಿದ ಟಿವಿಗಳ ಜಾಗಕ್ಕೆ ಎರಡು ಕಂಪ್ಯೂಟರು ಬಂದವು. ಆಪರೇಟರ್ ಮೇಡಂ ತಮ್ಮ ಪಾಲಿನಲ್ಲಿ ಹೊಸ ಕಂಪ್ಯೂಟರು ಕೊಂಡು ಎರಡನೇ ಆಟಕ್ಕೆ ಕೈ ಹಾಕಿದರು. ಲಗ್ನಪತ್ರಿಕೆಯ ಯಜಮಾನರು, ಟೈಪಿಂಗ್ ಟೀಚರು, ನನಗೆ ನನ್ನದೇ ಲೆಕ್ಕವನ್ನು ಬಿಡಿಸಿ ಹೇಳಿದ ಆ ವಿತರಕರು, ಇವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಇದಿಷ್ಟೂ ಆಗುತ್ತಿರಲಿಲ್ಲ. ಇಂದಿಗೂ ಅವರನ್ನು ನೆನೆದರೆ ಮನಸ್ಸು ತಣ್ಣಗಾಗುತ್ತದೆ.

ಒಂದು ಮಧ್ಯಾಹ್ನ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಮುಗಿದ ಮೇಲೆ ವಯಸ್ಸಾದ ರೈತರೊಬ್ಬರು ಅಂಗಡಿಗೆ ಬಂದರು. ಖಾಲಿ ಗೋಣಿಚೀಲವನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

“ಉಳದಾಟ ಅಂತೆ, ಇಲ್ಲೇನಾ?”

“ಇಲ್ಲೇ. ಯಾವೂರು?”

“ಧನಗೆರೆ. ಅದುನ್ನ ಬರ್ದಿರೋಳು ನನ್ ಮಗ್ಳು. ಎಲ್ಲಾರೂ ನೋಡವ್ರೆ, ನಾನೇ ನೋಡಿಲ್ಲ.”

ಕುರ್ಚಿ ಎಳೆದು ಕೂರಿಸಿದೆ. ಮೌಸು ಹಿಡಿಯುವುದನ್ನು ತೋರಿಸಿದೆ. ಅವರು ಸೊಪ್ಪನ್ನು ಅವಸರವಿಲ್ಲದೆ ಹಾಕಿದರು, ಹುಳು ಜ್ವರಕ್ಕೆ ಕೂತಾಗ ಕೈಯನ್ನು ಮೌಸಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಕಾದರು. ಮೂರನೇ ಜ್ವರದಲ್ಲಿ ಬಾಣವನ್ನು ಹಿಡಿಯಲಾಗದೆ ಹುಳು ಹೋದವು. ಮತ್ತೆ ಶುರು ಮಾಡಿದರು. ಪರದೆಯಲ್ಲಿ ಹುಳುಮನೆಯ ಗೋಡೆಯ ಮೇಲಿದ್ದ ಒಂದು ಕ್ಯಾಲೆಂಡರಿನ ಚಿತ್ರವನ್ನು ಬೆರಳಿಂದ ಮುಟ್ಟಿ, “ಇದು ನಮ್ಮನೆ ಗ್ವಾಡೆ” ಅಂದರು. ಅದು ಅವರ ಮನೆಯ ಹುಳುಮನೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎದ್ದು ನಿಂತು ಜೇಬಿಗೆ ಕೈ ಹಾಕಿದರು.

“ಗಂಟೆಗೆ ಎಷ್ಟು?”

“ಅಯ್ಯೋ, ನಿಮ್ಮ ಹತ್ತಿರ ತಗೋತೀನಾ! ನಿಮ್ಮ ಮಗಳ ಆಟ.”

“ಎಷ್ಟು ಏಳಿ.”

“ಹತ್ತು.”

“ಅದ್ರಲ್ಲಿ ಅವಳ್ಗೂ ಪಾಲೈತಂತಲ್ಲ?”

“ಇದೆ.”

ಹತ್ತು ರೂಪಾಯಿಯ ನೋಟನ್ನು ತೆಗೆದು ಕೌಂಟರಿನ ಮೇಲೆ ಇಟ್ಟು, ಅಂಗೈಯಿಂದ ಒತ್ತಿ ಸಪಾಟು ಮಾಡಿದರು.

“ಅಂಗಾರೆ ತಕಳಿ. ನನ್ ಮಗಳ್ ಪಾಲ ನಾನೇ ಮುರಿಯಕ್ಕಾದೀತಾ?”

ತೆಗೆದುಕೊಂಡೆ.